ಗುರಿ ಹುಟ್ಟಿನಿಂದ ಬರುವುದಿಲ್ಲ, ಕಲಿತರೆ ಬರುತ್ತದೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಮಾತೃಭಾಷೆಯ ಮಹತ್ವದ ಬಗ್ಗೆಯೋ ಪರೀಕ್ಷೆಯ ತಯಾರಿಯ ಬಗ್ಗೆಯೋ ಮಾತನಾಡಲು ಹೇಳುತ್ತಾರೆ. ಈ ಸಲ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ನಮ್ಮ ಸಂಘದ ಮಹಡಿಯ ಕೋಣೆಯಲ್ಲಿರುವ ಪೂಲ್ ಟೇಬಲ್ಲಿನ ಬಗ್ಗೆ ನಾನು ಮಾತನಾಡಲಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತ ಹುಡುಗರು ಈಗಲೇ ನಗುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ನಗುತ್ತಿಲ್ಲ. ಇಬ್ಬರಿಗೂ ಅವರವರ ಕಾರಣಗಳಿವೆ.

ದಾನಿಯೊಬ್ಬರು ಆ ಟೇಬಲ್ಲನ್ನು ಸಂಘಕ್ಕೆ ಕೊಟ್ಟಾಗಿನಿಂದ ಅದರ ಸುತ್ತ ಒಂದು ಚರ್ಚೆ ನಡೆದೇ ಇದೆ. "ಓದುವ ಮಕ್ಕಳ ಜಾಗದಲ್ಲಿ ಇದೆಲ್ಲ ಏಕೆ? ಪೇಟೆಯ ಪೂಲ್ ಪಾರ್ಲರ್‌ಗಳಲ್ಲಿ ನಡೆಯುವ ಪಂದ್ಯ ಕಟ್ಟುವ ಆಟ ಇಲ್ಲಿಗೂ ಬಂದರೆ?" ಎಂದು ಕೆಲವು ಹಿರಿಯರು ಕೇಳಿದ್ದಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಟೇಬಲ್ ಇರಬೇಕೋ ಬೇಡವೋ ಎಂಬುದು ಕಾರ್ಯಕಾರಿ ಸಮಿತಿಯ ಮುಂದಿರುವ ವಿಷಯ. ಅವರು ತೀರ್ಮಾನಿಸುವ ಮೊದಲು ಆ ಹಸಿರು ಬಟ್ಟೆಯ ಮೇಲೆ ಏನನ್ನು ಕಲಿಯಲು ಸಾಧ್ಯ ಎಂಬುದನ್ನು ಎಲ್ಲರೂ ಒಮ್ಮೆ ತಿಳಿಯಲಿ ಎಂದು ನನ್ನ ಆಸೆ.

ಆ ಕೋಣೆಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತೊಂದಿದೆ. "ಅವನಿಗೆ ನಿಶಾನಾ ಇದೆ ಸರ್, ನನಗಿಲ್ಲ." ನಿಶಾನಾ ಎಂದರೆ ಗುರಿ. ಈ ಮಾತು ಕೇಳಿದಾಗಲೆಲ್ಲ ನನಗೆ ತರಗತಿ ನೆನಪಾಗುತ್ತದೆ. "ಅವಳಿಗೆ ಗಣಿತ ಬರುತ್ತೆ ಸರ್, ನನ್ನ ತಲೆಗೆ ಹತ್ತಲ್ಲ" ಎಂಬ ಮಾತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ನಮ್ಮ ಎಷ್ಟೋ ಮಕ್ಕಳು ಎಸ್.ಎಸ್.ಎಲ್.ಸಿ. ಮುಟ್ಟುವ ಮೊದಲೇ ಈ ಮಾತನ್ನು ತಮ್ಮ ಮೇಲೆ ತಾವೇ ಬರೆದುಕೊಂಡು ಶಾಲೆ ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರುತ್ತಾರೆ. ಆದ್ದರಿಂದ ಪೂಲ್ ಆಟದಲ್ಲಿ ಗುರಿ ಎಂದರೇನು, ಅದನ್ನು ಹೇಗೆ ಕಲಿಯಬಹುದು ಎಂದು ಹಂತ ಹಂತವಾಗಿ ಹೇಳುತ್ತೇನೆ. ಈ ಆಟದಲ್ಲಿ ಗುರಿ ದೇವದತ್ತ ವರ ಅಲ್ಲ, ಲೆಕ್ಕ ಮತ್ತು ಅಭ್ಯಾಸ ಎಂದು ನಿಮಗೆ ಮನವರಿಕೆಯಾದರೆ ಇನ್ನೊಂದು ಮಾತೂ ತಾನಾಗಿ ಸಡಿಲವಾಗುತ್ತದೆ.

ಆಟದ ಕುಲ

ಹಿರಿಯರಿಗಾಗಿ ಮೊದಲು ಎರಡು ಮಾತು. ಕೋಲು, ಚೆಂಡು ಮತ್ತು ಬಟ್ಟೆ ಹೊದಿಸಿದ ಟೇಬಲ್ಲಿನ ಈ ಆಟಗಳಲ್ಲಿ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂದು ಮುಖ್ಯವಾಗಿ ಮೂರು ಬಗೆ. ಇವುಗಳಲ್ಲಿ ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ್ದು. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಸೇನಾಧಿಕಾರಿ ಅದನ್ನು ಶುರು ಮಾಡಿದ. ಅದರ ನಿಯಮಗಳು ರೂಪುಗೊಂಡದ್ದು ನಮ್ಮ ಮೈಸೂರಿನ ನೆರೆಯ ಊಟಿಯ ಕ್ಲಬ್ಬಿನಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ನಡೆದ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಸ್ಪರ್ಧೆಯನ್ನು ವಿಲ್ಸನ್ ಜೋನ್ಸ್ ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯಲ್ಲಿ ಬಂದ ಮೊದಲ ವಿಶ್ವ ಪ್ರಶಸ್ತಿ ಅದು. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಗರಡಿಯಲ್ಲಿ ಬೆಳೆದ ಪಂಕಜ್ ಆಡ್ವಾಣಿ 2003ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ನೂಕರಿನ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದರು. 2024ರ ಹೊತ್ತಿಗೆ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡೂ ಸೇರಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಬೆಂಗಳೂರಿನವರೇ ಆದ ಚಿತ್ರಾ ಮಗಿಮೈರಾಜ್ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದವರು. ಅಂದರೆ ಇದು ಬರೀ ಪೋಲಿಗಳ ಆಟವಲ್ಲ, ಬರೀ ಹುಡುಗರ ಆಟವೂ ಅಲ್ಲ. ಈ ಮಾತು ಇಷ್ಟು ಸಾಕು, ಈಗ ಟೇಬಲ್ಲಿಗೆ ಬರೋಣ.

ಇಲ್ಲದ ಚೆಂಡನ್ನು ನೋಡುವುದು

ಪೂಲ್ ಆಟದಲ್ಲಿ ನೀವು ಕೋಲಿನಿಂದ ಹೊಡೆಯುವುದು ಬಿಳಿ ಚೆಂಡನ್ನು ಮಾತ್ರ. ಆ ಬಿಳಿ ಚೆಂಡು ಬಣ್ಣದ ಚೆಂಡಿಗೆ ತಾಗಬೇಕು, ಬಣ್ಣದ ಚೆಂಡು ಪಾಕೆಟ್‌ಗೆ ಬೀಳಬೇಕು. ಪ್ರತಿ ಚೆಂಡಿನ ವ್ಯಾಸ ಎರಡೂಕಾಲು ಇಂಚು, ಅಂದರೆ 57 ಮಿಲಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಮೂಲೆಯ ಪಾಕೆಟ್ಟಿನ ಬಾಯಿ ಎರಡು ಚೆಂಡು ಪಕ್ಕಪಕ್ಕದಲ್ಲಿಟ್ಟಷ್ಟು ಅಗಲ.

ಚೆಂಡಿಗೆ ಚೆಂಡು ಡಿಕ್ಕಿ ಹೊಡೆದಾಗ ತಳ್ಳುವ ಬಲ ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಹೋಗುತ್ತದೆ. ಆದ್ದರಿಂದ ಬಿಳಿ ಚೆಂಡು ಎಲ್ಲಿಂದ ಬಂದಿತು ಎನ್ನುವುದಕ್ಕಿಂತ, ತಾಗುವ ಕ್ಷಣದಲ್ಲಿ ಅದು ಎಲ್ಲಿತ್ತು ಎನ್ನುವುದು ಮುಖ್ಯ. ಈಗ ಹೀಗೆ ಮಾಡಿ. ಪಾಕೆಟ್ಟಿನ ನಡುವಿನಿಂದ ಬಣ್ಣದ ಚೆಂಡಿನ ಕೇಂದ್ರದ ಮೂಲಕ ಒಂದು ಗೆರೆ ಎಳೆದಂತೆ ಕಲ್ಪಿಸಿಕೊಳ್ಳಿ. ಆ ಗೆರೆ ಚೆಂಡಿನ ಹಿಂಭಾಗದಲ್ಲಿ ಹೊರಬರುವ ಜಾಗವೇ ತಾಗುವ ಬಿಂದು. ಆ ಬಿಂದುವಿಗೆ ಅಂಟಿಕೊಂಡು, ಅದೇ ಗೆರೆಯ ಮೇಲೆ, ಇನ್ನೊಂದು ಚೆಂಡು ಕೂತಿದೆ ಎಂದು ಭಾವಿಸಿ. ಆಟಗಾರರು ಇದನ್ನು ಘೋಸ್ಟ್ ಬಾಲ್ ಎನ್ನುತ್ತಾರೆ. ನಾವು ಇಲ್ಲದ ಚೆಂಡು ಎನ್ನೋಣ. ಬಿಳಿ ಚೆಂಡು ಬಂದು ಆ ಇಲ್ಲದ ಚೆಂಡಿನ ಜಾಗವನ್ನು ತುಂಬಿದರೆ ಬಣ್ಣದ ಚೆಂಡು ಪಾಕೆಟ್ಟಿನ ದಾರಿ ಹಿಡಿಯುತ್ತದೆ.

ಹೊಸಬರು ಗುರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಅವರು ತಾಗುವ ಬಿಂದುವನ್ನು ಸರಿಯಾಗಿಯೇ ಗುರುತಿಸುತ್ತಾರೆ. ಆದರೆ ಬಿಳಿ ಚೆಂಡಿನ ಕೇಂದ್ರವನ್ನು ನೇರವಾಗಿ ಆ ಬಿಂದುವಿಗೇ ಗುರಿಯಿಡುತ್ತಾರೆ. ಬಿಳಿ ಚೆಂಡಿಗೂ ಒಂದು ಹೊಟ್ಟೆ ಇದೆಯಲ್ಲ, ಕೇಂದ್ರ ಅಲ್ಲಿಗೆ ತಲುಪುವ ಮೊದಲೇ ಅದರ ಮೈ ಬೇರೆ ಕಡೆ ತಾಗಿಬಿಡುತ್ತದೆ. ಫಲವಾಗಿ ಹೊಡೆತ ದಪ್ಪವಾಗುತ್ತದೆ, ಬಣ್ಣದ ಚೆಂಡು ಬೇಕಾದಷ್ಟು ತಿರುಗುವುದಿಲ್ಲ. ಗುರಿ ಇಡಬೇಕಾದದ್ದು ಇಲ್ಲದ ಚೆಂಡಿನ ಕೇಂದ್ರಕ್ಕೆ. ಅದು ತಾಗುವ ಬಿಂದುವಿನಿಂದ ಅರ್ಧ ಚೆಂಡಿನಷ್ಟು, ಸುಮಾರು 28 ಮಿಲಿಮೀಟರ್ ಹಿಂದಿರುತ್ತದೆ. ಹುಡುಗರು "ನನಗೆ ಕಟ್ ಶಾಟ್ ಬರಲ್ಲ" ಎಂದು ಕೈಚೆಲ್ಲುವುದಕ್ಕೆ ಈ 28 ಮಿಲಿಮೀಟರ್ ಕಾರಣ. ಅವರ ಕಣ್ಣಿನಲ್ಲಿ ದೋಷವಿಲ್ಲ.

ಖತ್ತಾತಿ ಕಲಿಯುವ ಮಕ್ಕಳಿಗೆ ಇದು ಹೊಸ ಮಾತೇನಲ್ಲ. ಅಲಿಫ್ ಎಷ್ಟು ಎತ್ತರ ಇರಬೇಕು, ಬೇ ಎಷ್ಟು ಉದ್ದ ಇರಬೇಕು ಎಂಬುದನ್ನು ಉಸ್ತಾದರು ಕಲಮಿನ ತುದಿಯಿಂದ ಇಟ್ಟ ನುಖ್ತೆಗಳಲ್ಲಿ ಅಳೆದು ತೋರಿಸುತ್ತಾರೆ. ಬರೆದು ಮುಗಿಸಿದ ಪದದಲ್ಲಿ ಆ ಅಳತೆಯ ಚುಕ್ಕಿಗಳು ಕಾಣುವುದಿಲ್ಲ, ಬರೆಯುವವನ ಮನಸ್ಸಿನಲ್ಲಿ ಮಾತ್ರ ಇರುತ್ತವೆ. ಇಲ್ಲದ ಚೆಂಡೂ ಅಂಥದೇ ಒಂದು ಅಳತೆ.

ಲೆಕ್ಕ ಏನು ಹೇಳುತ್ತದೆ

ಹತ್ತನೆಯ ತರಗತಿಯ ಮಕ್ಕಳೇ, ಸೈನ್ 30 ಡಿಗ್ರಿ ಎಷ್ಟು? ಅರ್ಧ. ಹೌದು. ಈ ಅರ್ಧ ನಿಮ್ಮ ಪುಸ್ತಕದಲ್ಲಿ ಸುಮ್ಮನೆ ಕೂತಿಲ್ಲ. ಬಣ್ಣದ ಚೆಂಡನ್ನು ನೇರ ದಾರಿಯಿಂದ 30 ಡಿಗ್ರಿ ತಿರುಗಿಸಬೇಕಾದರೆ, ಬಿಳಿ ಚೆಂಡಿನ ದಾರಿ ಬಣ್ಣದ ಚೆಂಡಿನ ಕೇಂದ್ರದಿಂದ ಎಷ್ಟು ದೂರ ಸರಿಯಬೇಕು? ಚೆಂಡಿನ ವ್ಯಾಸವನ್ನು ಸೈನ್ 30ರಿಂದ ಗುಣಿಸಿ. ಅರ್ಧ ವ್ಯಾಸ ಬರುತ್ತದೆ. ಅಂದರೆ ಕೋಲು ಸರಿಯಾಗಿ ಬಣ್ಣದ ಚೆಂಡಿನ ಅಂಚಿಗೆ ಮುಖ ಮಾಡಿರಬೇಕು. ಆ ಗೆರೆಯ ಹಿಂದೆ ನಿಂತು ನೋಡಿದರೆ, ತಾಗುವ ಕ್ಷಣದಲ್ಲಿ ಬಿಳಿ ಚೆಂಡು ಬಣ್ಣದ ಚೆಂಡಿನ ಅರ್ಧವನ್ನು ಮುಚ್ಚಿರುತ್ತದೆ. ಇದಕ್ಕೆ ಹಾಫ್ ಬಾಲ್ ಹೊಡೆತ ಎಂದು ಹೆಸರು. ಮುಕ್ಕಾಲು ಭಾಗ ಮುಚ್ಚಿದರೆ ಸುಮಾರು 14 ಡಿಗ್ರಿ, ಕಾಲು ಭಾಗ ಮುಚ್ಚಿದರೆ ಸುಮಾರು 49 ಡಿಗ್ರಿ ತಿರುಗುತ್ತದೆ. ಪೂರ್ತಿ ಮುಚ್ಚಿದರೆ ನೇರ. ಈ ನಾಲ್ಕು ಹೊಡೆತಗಳನ್ನು ಬಾಯಿಪಾಠ ಮಾಡಿದವನಿಗೆ ಟೇಬಲ್ಲಿನ ಹೆಚ್ಚಿನ ಹೊಡೆತಗಳು ಇವುಗಳ ನಡುವೆ ಎಲ್ಲಿ ಬೀಳುತ್ತವೆ ಎಂದು ಅಂದಾಜು ಸಿಗುತ್ತದೆ. ಮಗ್ಗಿ ಬಂದವನಿಗೆ ದೊಡ್ಡ ಗುಣಾಕಾರ ಸುಲಭವಾದ ಹಾಗೆ.

ಇನ್ನೊಂದು ಲೆಕ್ಕ ನೋಡಿ. ಬಿಳಿ ಚೆಂಡು ತಾಗಬೇಕಾದ ಜಾಗಕ್ಕಿಂತ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಬಂತು ಎನ್ನೋಣ. ನೇರ ಹೊಡೆತವಾದರೆ, ಬಣ್ಣದ ಚೆಂಡು ಒಂದು ಮೀಟರ್ ಉರುಳುವಷ್ಟರಲ್ಲಿ ಆ ಒಂದು ಮಿಲಿಮೀಟರ್ ಬೆಳೆದು ಸುಮಾರು ಹದಿನೇಳೂವರೆ ಮಿಲಿಮೀಟರ್ ಆಗುತ್ತದೆ. ಸಾವಿರವನ್ನು 57ರಿಂದ ಭಾಗಿಸಿದರೆ ಈ ಉತ್ತರ ಬರುತ್ತದೆ. ಅರವತ್ತು ಡಿಗ್ರಿಯ ತೆಳು ಹೊಡೆತದಲ್ಲಿ ಅದೇ ಒಂದು ಮಿಲಿಮೀಟರ್ ಇದರ ಎರಡರಷ್ಟು, ಅಂದರೆ 35 ಮಿಲಿಮೀಟರ್ ಆಗುತ್ತದೆ. ಏಕೆಂದರೆ ಕಾಸ್ 60 ಅರ್ಧ. ಪಾಕೆಟ್ಟಿನ ನಡುವಿನಿಂದ ಚೆಂಡು ಆಚೀಚೆ ಸರಿಯಲು ನಮಗಿರುವ ಅವಕಾಶ ಒಂದೊಂದು ಕಡೆಗೆ ಸುಮಾರು 28 ಮಿಲಿಮೀಟರ್ ಮಾತ್ರ. ಹಾಗಾಗಿ ನೇರ ಹೊಡೆತದಲ್ಲಿ ಕ್ಷಮಿಸಿಬಿಡುವ ತಪ್ಪನ್ನು ತೆಳು ಹೊಡೆತ ಕ್ಷಮಿಸುವುದಿಲ್ಲ. ತೆಳು ಹೊಡೆತ ತಪ್ಪಿದಾಗ "ನನ್ನ ಹಣೆಬರಹ" ಎನ್ನುವ ಹುಡುಗ ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಲಿ. ಸುಲಭದ ಹೊಡೆತ ಯಾವುದು, ಬಿಡಬೇಕಾದ ಹೊಡೆತ ಯಾವುದು ಎಂದು ಆರಿಸುವ ವಿವೇಕವೂ ಗುರಿಯ ಭಾಗವೇ.

ಲೆಕ್ಕದ ಜೊತೆ ಲೋಕದ ಮಾತೂ ಒಂದಿದೆ. ಎರಡು ಚೆಂಡು ತಾಗಿದಾಗ ಅವುಗಳ ನಡುವೆ ಸ್ವಲ್ಪ ಘರ್ಷಣೆ ಇರುತ್ತದೆ. ಅದು ಬಣ್ಣದ ಚೆಂಡನ್ನು ಬಿಳಿ ಚೆಂಡು ಹೋಗುತ್ತಿದ್ದ ಕಡೆಗೆ ತುಸು ಎಳೆಯುತ್ತದೆ. ಚೆಂಡುಗಳು ಕೊಳೆಯಾಗಿದ್ದರೆ, ಹೊಡೆತ ನಿಧಾನವಾಗಿದ್ದರೆ ಈ ಎಳೆತ ಹೆಚ್ಚು. ಆದ್ದರಿಂದ ಅನುಭವಿಗಳು ಲೆಕ್ಕಕ್ಕಿಂತ ಒಂದು ಎಳೆ ತೆಳುವಾಗಿ ಹೊಡೆಯುತ್ತಾರೆ. ಮಕ್ಕಳೇ, ಆಟಕ್ಕೆ ಮೊದಲು ಚೆಂಡುಗಳನ್ನು ಒರೆಸಿ ಎಂದು ನಾನು ಹೇಳುವುದು ಬರೀ ಶಿಸ್ತಿಗಾಗಿ ಅಲ್ಲ.

ನಿಂತು ತೀರ್ಮಾನಿಸಿ, ಬಾಗಿ ಹೊಡೆಯಿರಿ

ಎಲ್ಲಿ ಹೊಡೆಯಬೇಕು ಎಂದು ಗೊತ್ತಿದ್ದರೂ ಕೈ ಅಲ್ಲಿಗೆ ಹೋಗಬೇಕಲ್ಲ. ಇದಕ್ಕೆ ಕ್ರಮವೊಂದಿದೆ. ಮೊದಲು ಬಣ್ಣದ ಚೆಂಡಿನ ಹಿಂದೆ ಹೋಗಿ ನಿಂತು ಪಾಕೆಟ್ಟಿನ ಗೆರೆ ನೋಡಿ. ಆಮೇಲೆ ಬಿಳಿ ಚೆಂಡಿನ ಹಿಂದೆ ಬಂದು, ನಿಂತಿರುವಾಗಲೇ ಗುರಿಯ ಗೆರೆಯನ್ನು ತೀರ್ಮಾನಿಸಿ. ಆ ಗೆರೆಯ ಮೇಲೆ ಪಾದ ಇಡಿ, ನಂತರ ಬಾಗಿ. ಬಾಗಿದ ಮೇಲೆ ಮನಸ್ಸು ಬದಲಾದರೆ ಮಲಗಿದಲ್ಲೇ ಕೋಲನ್ನು ಅತ್ತಿತ್ತ ತಿರುಗಿಸಬೇಡಿ. ಎದ್ದು ನಿಂತು ಮೊದಲಿನಿಂದ ಶುರು ಮಾಡಿ. ಮಲಗಿದಲ್ಲೇ ತಿರುಗಿಸಿದರೆ ಕೋಲು ಒಂದು ಕಡೆ, ಭುಜ ಇನ್ನೊಂದು ಕಡೆ ಉಳಿಯುತ್ತದೆ. ಹೊಡೆಯುವಾಗ ಭುಜವೇ ಗೆಲ್ಲುತ್ತದೆ.

ಕಣ್ಣಿನ ವಿಷಯವೂ ಇದೆ. ನಮ್ಮಲ್ಲಿ ಬಹುಪಾಲು ಜನರಿಗೆ ಎರಡು ಕಣ್ಣುಗಳಲ್ಲಿ ಒಂದು ಪ್ರಧಾನವಾಗಿರುತ್ತದೆ. ಎರಡು ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರ ಮೂಲಕ ದೂರದ ಗಡಿಯಾರವನ್ನು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಪ್ರಧಾನ ಕಣ್ಣು. ಕೋಲು ಗಲ್ಲದ ಕೆಳಗೆ ಎಲ್ಲಿ ಬಂದರೆ ನೇರ ಗೆರೆ ನೇರವಾಗಿ ಕಾಣುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಗೆಳೆಯ ಹೇಗೆ ನಿಲ್ಲುತ್ತಾನೋ ಹಾಗೇ ನಿಲ್ಲಬೇಕೆಂದಿಲ್ಲ. ನಿಮಗೆ ಸರಿಯಾದ ಜಾಗವನ್ನು ಹುಡುಕಿಕೊಂಡ ಮೇಲೆ ಪ್ರತಿ ಸಲ ಅಲ್ಲೇ ಇಡಿ.

ಮುಂಗೈ ಮೊಣಕೈಯಿಂದ ಗಡಿಯಾರದ ಲೋಲಕದಂತೆ ತೂಗಲಿ. ಹಿಡಿತ ಬಿಗಿಯಾಗುವುದು ಬೇಡ, ಕೋಲು ಬೀಳದಷ್ಟು ಸಾಕು. ಹೊಡೆದ ಮೇಲೂ ತಲೆ ಎತ್ತಬೇಡಿ. ಚೆಂಡು ಬಿತ್ತೋ ಇಲ್ಲವೋ ಎಂಬ ಕುತೂಹಲಕ್ಕೆ ತಲೆ ಎತ್ತಿದರೆ ಭುಜವೂ ಏಳುತ್ತದೆ, ಕೋಲೂ ಏಳುತ್ತದೆ. ಇನ್ನು ಬಿಳಿ ಚೆಂಡಿನ ಎಡಕ್ಕೋ ಬಲಕ್ಕೋ ಹೊಡೆದು ಸ್ಪಿನ್ ಕೊಡುವ ಚಪಲ. ಬಲಗಡೆ ಹೊಡೆದರೆ ಚೆಂಡು ಕೋಲಿನ ಗೆರೆ ಬಿಟ್ಟು ಸ್ವಲ್ಪ ಎಡಕ್ಕೆ ಹೊರಡುತ್ತದೆ, ಎಡಗಡೆ ಹೊಡೆದರೆ ಬಲಕ್ಕೆ. ಆಗ ನಿಮ್ಮ ಗುರಿ ತಪ್ಪಿತೋ ಸ್ಪಿನ್ ತಪ್ಪಿಸಿತೋ ಎಂದು ತಿಳಿಯುವುದೇ ಇಲ್ಲ. ಮೊದಲ ಕೆಲವು ತಿಂಗಳು ಚೆಂಡಿನ ನಟ್ಟನಡುವೆ ಹೊಡೆಯುವುದನ್ನಷ್ಟೇ ಕಲಿಯಿರಿ.

ಮಶ್ಕ್

ಉರ್ದುವಿನಲ್ಲಿ ಮಶ್ಕ್ ಎಂಬ ಸುಂದರ ಪದವಿದೆ. ಅಭ್ಯಾಸ ಎಂದರ್ಥ. ಖತ್ತಾತಿಯಲ್ಲಿ ಅಕ್ಷರವನ್ನು ಮತ್ತೆ ಮತ್ತೆ ತಿದ್ದಿದ ಹಾಳೆಗೂ ಅದೇ ಹೆಸರು. ಟೇಬಲ್ಲಿನ ಮೇಲೆ ಸುಮ್ಮನೆ ಆಡಿಕೊಂಡಿರುವುದು ಮಶ್ಕ್ ಆಗುವುದಿಲ್ಲ. ಒಂದೇ ಅಕ್ಷರವನ್ನು ತಿದ್ದಿದ ಹಾಗೆ ಒಂದೇ ಹೊಡೆತವನ್ನು ತಿದ್ದಬೇಕು.

ಮೊದಲ ಪಾಠಕ್ಕೆ ಬಣ್ಣದ ಚೆಂಡೇ ಬೇಡ. ಬಿಳಿ ಚೆಂಡನ್ನು ಟೇಬಲ್ಲಿನ ಉದ್ದದ ನಡುಗೆರೆಯ ಮೇಲಿಟ್ಟು ಎದುರಿನ ಕುಷನ್ನಿಗೆ ನೇರವಾಗಿ ಹೊಡೆಯಿರಿ. ಹೊಡೆದ ಮೇಲೆ ಕೋಲನ್ನು ಅಲ್ಲೇ ಇಟ್ಟಿರಿ. ಚೆಂಡು ವಾಪಸು ಬಂದು ಕೋಲಿನ ತುದಿಗೇ ತಾಗಿದರೆ ನೀವು ನಡುವೆ ಹೊಡೆದಿದ್ದೀರಿ. ಪಕ್ಕಕ್ಕೆ ಹೋದರೆ ಇಲ್ಲ. ನೋಡಲು ಸುಲಭ, ಮಾಡಲು ಕಷ್ಟ.

ಎರಡನೆಯದು ನೇರ ಹೊಡೆತ. ಬಣ್ಣದ ಚೆಂಡನ್ನು ಟೇಬಲ್ಲಿನ ನಡುವೆ, ಬಿಳಿ ಚೆಂಡನ್ನು ಅದರ ಹಿಂದೆ ಮೂಲೆಯ ಪಾಕೆಟ್ಟಿಗೆ ನೇರವಾಗಿ ಇಡಿ. ಬಿಳಿ ಚೆಂಡು ತಾಗಿದಲ್ಲೇ ನಿಲ್ಲುವಂತೆ ಹೊಡೆಯಿರಿ. ಅದು ನಿಂತರೆ ಹೊಡೆತ ಪೂರ್ತಿ. ಎಡಕ್ಕೆ ಜಾರಿದರೆ ನೀವು ಬಣ್ಣದ ಚೆಂಡಿನ ಎಡಮೈಗೆ ತಾಗಿಸಿದ್ದೀರಿ, ಬಣ್ಣದ ಚೆಂಡು ಬಲಕ್ಕೆ ಹೋಗಿರುತ್ತದೆ. ಪಾಕೆಟ್ಟಿನಲ್ಲಿ ಬಿದ್ದರೂ ಬಿಳಿ ಚೆಂಡು ಸತ್ಯ ಹೇಳಿಬಿಡುತ್ತದೆ.

ಮೂರನೆಯದು ಹಾಫ್ ಬಾಲ್. ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ ಮತ್ತು ಒಂದು ದಾರ ತನ್ನಿ. ಇಲ್ಲದ ಚೆಂಡಿನ ಜಾಗದಲ್ಲಿ ನಿಜವಾದ ಚೆಂಡೊಂದನ್ನು ಇಟ್ಟು ನೋಡಿ, ಅದರ ಕೇಂದ್ರದ ಜಾಗದಲ್ಲಿ ಸಣ್ಣ ಕಾಗದದ ಚೂರು ಗುರುತಿಟ್ಟು, ಪಾಕೆಟ್ಟಿನ ಗೆರೆಗೆ 30 ಡಿಗ್ರಿ ಕೋನದಲ್ಲಿ ದಾರ ಹಿಡಿದು ಬಿಳಿ ಚೆಂಡಿಗೆ ಜಾಗ ಗುರುತಿಸಿ. ಚೆಂಡು ತೆಗೆದು ಗುರುತಿಗೆ ಹೊಡೆಯಿರಿ. ಎಡಗಡೆ ಹತ್ತು, ಬಲಗಡೆ ಹತ್ತು. ಇಲ್ಲದ ಚೆಂಡು ಮೆಲ್ಲಗೆ ಕಣ್ಣಿಗೆ ಕಾಣತೊಡಗುತ್ತದೆ.

ಇವೆಲ್ಲಕ್ಕಿಂತ ಮುಖ್ಯ ಒಂದು ನೋಟ್‌ಬುಕ್. ಹತ್ತು ಹೊಡೆತಗಳಲ್ಲಿ ಎಷ್ಟು ಒಳಗೆ, ಎಷ್ಟು ದಪ್ಪ, ಎಷ್ಟು ತೆಳು ಎಂದು ಮೂರು ಕಾಲಮಿನಲ್ಲಿ ಬರೆಯಿರಿ. ಎಷ್ಟು ತಪ್ಪಿತು ಎಂಬುದಷ್ಟೇ ಸಾಲದು, ಯಾವ ಕಡೆಗೆ ತಪ್ಪಿತು ಎಂಬುದು ಬೇಕು. ಬಿ.ಎಡ್. ಓದುವಾಗ ಮಾಪನದ ಪಾಠದಲ್ಲಿ ನಮಗೆ ಎರಡು ಪದಗಳನ್ನು ಕಲಿಸುತ್ತಾರೆ, ವಿಶ್ವಾಸಾರ್ಹತೆ ಮತ್ತು ಸಪ್ರಮಾಣತೆ. ಪ್ರತಿ ಸಲ ಒಂದೇ ಉತ್ತರ ಕೊಡುವ ತಕ್ಕಡಿ ವಿಶ್ವಾಸಾರ್ಹ. ಅಳೆಯಬೇಕಾದುದನ್ನೇ ಸರಿಯಾಗಿ ಅಳೆದರೆ ಸಪ್ರಮಾಣ. ನೋಟ್‌ಬುಕ್ಕಿನಲ್ಲಿ ನಿಮ್ಮ ತಪ್ಪುಗಳೆಲ್ಲ ಒಂದೇ ಕಡೆ ಸಾಲಾಗಿ ಬಂದಿದ್ದರೆ ನಿಮ್ಮ ಕೈ ಸ್ಥಿರವಾಗಿದೆ, ನೋಟ ತಪ್ಪಾಗಿದೆ. ಕಣ್ಣನ್ನೋ ನಿಲುವನ್ನೋ ಸ್ವಲ್ಪ ಸರಿಸಿದರೆ ಸಾಕು. ಒಮ್ಮೆ ದಪ್ಪ ಒಮ್ಮೆ ತೆಳು ಎಂದು ಎರಡೂ ಕಡೆ ಚೆದುರಿದ್ದರೆ ನೋಟ ಸರಿಯಿರಬಹುದು, ಕೈ ಅಲುಗುತ್ತಿದೆ. ಮೊದಲ ಪಾಠಕ್ಕೆ ಮರಳಬೇಕು. ಎರಡು ಕಾಯಿಲೆಗೂ ಒಂದೇ ಔಷಧಿಯಿಲ್ಲ. ಈ ವ್ಯತ್ಯಾಸ ತಿಳಿಯದೆ "ಇನ್ನೂ ಜಾಸ್ತಿ ಆಡು, ಬರುತ್ತೆ" ಎಂದು ಹೇಳುವುದು, "ಇನ್ನೂ ಜಾಸ್ತಿ ಓದು" ಎಂದು ಹೇಳಿ ಮಗುವನ್ನು ಕಳಿಸಿಬಿಡುವ ಹಾಗೆಯೇ. ಶಿಕ್ಷಕ ಮಿತ್ರರು ಇದನ್ನು ಗಮನಿಸಬೇಕು. ಉತ್ತರಪತ್ರಿಕೆಯಲ್ಲಿ ನಾವು ಅಂಕ ಎಣಿಸುತ್ತೇವೆ, ತಪ್ಪಿನ ದಿಕ್ಕನ್ನು ಎಷ್ಟು ಸಲ ನೋಡುತ್ತೇವೆ?

ಗೋಡೆಗೆ ತಾಗಿ ಬರುವ ಚೆಂಡು

ನೇರ ದಾರಿಯಿಲ್ಲದಿದ್ದಾಗ ಚೆಂಡನ್ನು ಕುಷನ್ನಿಗೆ ಹೊಡೆದು ಪಾಕೆಟ್ಟಿಗೆ ಕಳಿಸುತ್ತಾರೆ. ಇದಕ್ಕೆ ಬ್ಯಾಂಕ್ ಶಾಟ್ ಎನ್ನುತ್ತಾರೆ. ಇಲ್ಲಿ ಕುಷನ್ನನ್ನು ಕನ್ನಡಿ ಎಂದುಕೊಳ್ಳಿ. ಕನ್ನಡಿಯ ಆಚೆ ಪಾಕೆಟ್ಟಿನ ಪ್ರತಿಬಿಂಬ ಎಲ್ಲಿ ಕಾಣುತ್ತದೋ ಅಲ್ಲಿಗೆ ಗುರಿಯಿಟ್ಟರೆ ಚೆಂಡು ಮಡಿಸಿದ ದಾರಿಯಲ್ಲಿ ನಿಜವಾದ ಪಾಕೆಟ್ಟಿಗೆ ಬರುತ್ತದೆ. ಬೆಳಕಿನ ಪಾಠದಲ್ಲಿ ಓದಿದ ಪತನ ಕೋನ, ಪ್ರತಿಫಲನ ಕೋನ ಇದೇ. ಟೇಬಲ್ಲಿನ ಅಂಚಿನಲ್ಲಿರುವ ಡೈಮಂಡ್ ಗುರುತುಗಳು ಈ ಅಳತೆಗಾಗಿಯೇ ಇವೆ. ಆದರೆ ಚೆಂಡು ಬೆಳಕಲ್ಲ. ಜೋರಾಗಿ ಹೊಡೆದರೆ ರಬ್ಬರ್ ಒಳಗೆ ಒತ್ತಿ, ಬರಬೇಕಾದ ಕೋನಕ್ಕಿಂತ ಕಿರಿದಾದ ಕೋನದಲ್ಲಿ ಚೆಂಡು ಮರಳುತ್ತದೆ. ಹಾಗಾಗಿ ಈ ಹೊಡೆತವನ್ನು ಕಲಿಯುವಾಗ ಒಂದೇ ವೇಗದಲ್ಲಿ ಹೊಡೆಯಬೇಕು.

ಈ ಸಂದರ್ಭದಲ್ಲಿ ಒಬ್ಬ ವಿದ್ವಾಂಸರನ್ನು ನೆನೆಯಬೇಕು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್. ಬೆಳಕು ಮತ್ತು ನೋಟದ ಬಗ್ಗೆ ಅವರು ಬರೆದ ಕಿತಾಬುಲ್ ಮನಾಝಿರ್ ಏಳು ಭಾಗಗಳ ಗ್ರಂಥ. ಅದರ ಐದನೆಯ ಭಾಗದಲ್ಲಿ ಒಂದು ಪ್ರಶ್ನೆಯಿದೆ. ಕನ್ನಡಿ ಚಪ್ಪಟೆಯಾಗಿರದೆ ಗುಂಡಗಿದ್ದರೆ, ಒಂದು ಬಿಂದುವಿನಿಂದ ಹೊರಟ ಬೆಳಕು ಕಣ್ಣಿಗೆ ಬರಲು ಕನ್ನಡಿಯ ಯಾವ ಜಾಗಕ್ಕೆ ತಾಗಬೇಕು? ಗಣಿತಜ್ಞರು ಇದನ್ನು ಇಂದಿಗೂ ಅಲ್ ಹಾಝೆನ್ ಸಮಸ್ಯೆ ಎಂದು ಅವರ ಹೆಸರಿನಿಂದಲೇ ಕರೆಯುತ್ತಾರೆ, ಮತ್ತು ಹೆಚ್ಚಾಗಿ ಬಿಲಿಯರ್ಡ್ಸ್ ಭಾಷೆಯಲ್ಲೇ ವಿವರಿಸುತ್ತಾರೆ. ಟೇಬಲ್ ವೃತ್ತಾಕಾರದಲ್ಲಿದ್ದರೆ ಒಂದು ಚೆಂಡು ಅಂಚಿಗೆ ತಾಗಿ ಇನ್ನೊಂದು ಚೆಂಡಿಗೆ ಹೊಡೆಯಲು ಎಲ್ಲಿಗೆ ಗುರಿಯಿಡಬೇಕು ಎಂದು. ಅವರ ಕಾಲದಲ್ಲಿ ಈ ಆಟ ಇನ್ನೂ ಹುಟ್ಟಿರಲಿಲ್ಲ. ನೇರ ಕುಷನ್ನಿನ ಲೆಕ್ಕ ನಿಮಗೆ ಒಂದು ನಿಮಿಷದ ಕೆಲಸ. ಗುಂಡಗಿನ ಲೆಕ್ಕಕ್ಕೆ ಅವರು ಶಂಕುಜ ರೇಖೆಗಳನ್ನು ಬಳಸಬೇಕಾಯಿತು. ಅದೇ ಗ್ರಂಥದಲ್ಲಿ ಅವರು ಹೇಳುವ ಇನ್ನೊಂದು ಮಾತು ನಮಗೆ ಮುಖ್ಯ. ನೋಡುವುದೆಂದರೆ ಕಣ್ಣಿಗೆ ಬೆಳಕು ಬಿದ್ದಷ್ಟೇ ಅಲ್ಲ, ದೂರ, ಗಾತ್ರ ಇವನ್ನೆಲ್ಲ ಮನಸ್ಸು ತೀರ್ಮಾನಿಸುತ್ತದೆ, ಅದು ಅನುಭವದಿಂದ ಬರುತ್ತದೆ ಎಂಬುದು ಆ ಮಾತಿನ ಸಾರಾಂಶ. ನಮ್ಮ ಪೂರ್ವಿಕರು ಹೀಗಿದ್ದರು ಎಂದು ಎದೆಯುಬ್ಬಿಸಿ ಭಾಷಣ ಮುಗಿಸುವುದು ಸುಲಭ. ಆ ವಿದ್ವಾಂಸರು ಎದೆಯುಬ್ಬಿಸಿ ಕೂರಲಿಲ್ಲ, ಕೂತು ಲೆಕ್ಕ ಮಾಡಿದರು. 1835ರಲ್ಲಿ ಫ್ರಾನ್ಸಿನ ಕೊರಿಯೊಲಿಸ್ ಬಿಲಿಯರ್ಡ್ಸ್ ಆಟದ ಗಣಿತದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಭೂಗೋಳದಲ್ಲಿ ಗಾಳಿಯ ದಿಕ್ಕಿನ ಪಾಠದಲ್ಲಿ ನೀವು ಓದುವ ಕೊರಿಯೊಲಿಸ್ ಅವರೇ.

ಟೇಬಲ್ ಇಲ್ಲದವರಿಗೆ

ಹೆಣ್ಣುಮಕ್ಕಳು ಕೇಳಬಹುದು, ಸರ್, ಆ ಕೋಣೆಗೆ ನಮಗೆ ಪ್ರವೇಶವೇ ಇಲ್ಲವಲ್ಲ ಎಂದು. ನ್ಯಾಯವಾದ ಮಾತು. ಅದಕ್ಕೆ ಈಗಲೇ ಬರುತ್ತೇನೆ. ಆದರೆ ಮನೆಯಲ್ಲಿ ಕೇರಂ ಬೋರ್ಡ್ ಇದೆಯಲ್ಲ. ಅಲ್ಲಿಯೂ ಇದೇ ವಿದ್ಯೆ. ಕಾಯಿಯ ಹಿಂದೆ ಇಲ್ಲದ ಸ್ಟ್ರೈಕರನ್ನು ಕಲ್ಪಿಸಿಕೊಳ್ಳಿ. ಸ್ಟ್ರೈಕರ್ ಕಾಯಿಗಿಂತ ದೊಡ್ಡದಾದ್ದರಿಂದ ಎರಡರ ತ್ರಿಜ್ಯಗಳನ್ನು ಕೂಡಿಸಬೇಕು. ಕಾಯಿಯ ಕೇಂದ್ರದಿಂದ ಸ್ಟ್ರೈಕರಿನ ಕೇಂದ್ರಕ್ಕೆ ಸುಮಾರು 3.6 ಸೆಂಟಿಮೀಟರ್ ಬರುತ್ತದೆ. ಸ್ಕೇಲ್ ಇಟ್ಟು ನೋಡಿ. ಬೀದಿಯಲ್ಲಿ ಗೋಲಿ ಆಡುವ ಚಿಕ್ಕ ಹುಡುಗ ಈ ಲೆಕ್ಕವನ್ನು ಬರೆಯಲಾರ, ಆದರೆ ಅವನ ಬೆರಳಿಗೆ ಗೊತ್ತು. ಬೆರಳಿಗೆ ಗೊತ್ತಿರುವುದನ್ನು ತಲೆಗೂ ತಿಳಿಸುವುದು ಶಾಲೆಯ ಕೆಲಸ.

ಹಿರಿಯರಲ್ಲಿ ಒಂದು ವಿನಂತಿ

ಕೊನೆಯದಾಗಿ ಸಂಘದ ಹಿರಿಯರಿಗೆ. ನೀವು ಹೆದರುವ ವಿಷಯಗಳು ನಿಜವಾದವು. ಹಣ ಕಟ್ಟಿ ಆಡುವುದು ಜೂಜು, ಅದು ಐದು ರೂಪಾಯಿಯಾಗಲಿ ಒಂದು ತಂಪು ಪಾನೀಯದ ಬಾಟಲಿಯಾಗಲಿ. ಸೋತವನು ಬಿಲ್ಲು ಕೊಡುವುದೂ ಅದೇ. ಕಾಲಹರಣವೂ ನಿಜವೇ. ಆದರೆ ಟೇಬಲ್ಲನ್ನು ಹೊರಗೆ ಹಾಕಿದರೆ ಹುಡುಗರು ಆಟ ಬಿಡುವುದಿಲ್ಲ. ಪೇಟೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು, ಯಾರ ಕಣ್ಣೂ ಇಲ್ಲದ ಕಡೆ ಆಡುತ್ತಾರೆ. ಇಲ್ಲಿದ್ದರೆ ನಿಮ್ಮ ಕಣ್ಣೆದುರು ಆಡುತ್ತಾರೆ.

ಅದಕ್ಕಾಗಿ ನಾಲ್ಕು ನಿಯಮಗಳನ್ನು ಸಮಿತಿಯ ಮುಂದೆ ಇಡುತ್ತಿದ್ದೇನೆ. ಒಂದು, ಯಾವ ರೂಪದ ಪಣವೂ ಇಲ್ಲ. ಪಣ ಕಟ್ಟಿದವನಿಗೆ ಆ ವರ್ಷ ಕೋಣೆ ಬಂದ್. ಎರಡು, ಶಾಲೆಯ ಹೊತ್ತಿನಲ್ಲಿ, ನಮಾಜಿನ ಹೊತ್ತಿನಲ್ಲಿ ಮತ್ತು ಪರೀಕ್ಷೆಯ ತಿಂಗಳಲ್ಲಿ ಕೋಣೆಗೆ ಬೀಗ. ಮೂರು, ವಾರದಲ್ಲಿ ಎರಡು ಮಧ್ಯಾಹ್ನ ಹೆಣ್ಣುಮಕ್ಕಳಿಗೆ, ಶಿಕ್ಷಕಿಯರ ಉಸ್ತುವಾರಿಯಲ್ಲಿ. ನಾಲ್ಕು, ಆಡುವ ಪ್ರತಿಯೊಬ್ಬರ ಕೈಯಲ್ಲಿ ಆ ಮೂರು ಕಾಲಮಿನ ನೋಟ್‌ಬುಕ್ ಇರಬೇಕು. ಗಣಿತದ ಮೇಷ್ಟ್ರು ತಿಂಗಳಿಗೊಮ್ಮೆ ನೋಡಿ ರುಜು ಹಾಕಲು ಒಪ್ಪಿದ್ದಾರೆ. ಇವು ಪಾಲನೆಯಾಗದಿದ್ದರೆ ಟೇಬಲ್ ತೆಗೆಯಬೇಕೆಂದು ಹೇಳುವವರಲ್ಲಿ ನಾನೇ ಮೊದಲಿಗನಾಗುತ್ತೇನೆ.

ವಿದ್ಯಾರ್ಥಿಗಳೇ, ನಿಮ್ಮಿಂದ ನಾನು ಕೇಳುವುದು ಒಂದೇ. "ನನಗೆ ನಿಶಾನಾ ಇಲ್ಲ" ಎನ್ನುವ ಮೊದಲು ನೂರು ಹೊಡೆತ ಹೊಡೆದು, ನೂರನ್ನೂ ಬರೆದು, ಆ ಹಾಳೆಯನ್ನು ನನಗೆ ತಂದು ತೋರಿಸಿ. ಎಷ್ಟು ದಪ್ಪ, ಎಷ್ಟು ತೆಳು ಎಂದು ಇಬ್ಬರೂ ಕೂತು ನೋಡೋಣ. ಗಣಿತವೋ ವ್ಯಾಕರಣವೋ ಬರುವುದಿಲ್ಲ ಎನ್ನುವವರೂ ಹಾಗೆಯೇ ತಮ್ಮ ಉತ್ತರಪತ್ರಿಕೆ ತನ್ನಿ. ಬಾಗಿಲು ತೆರೆದಿರುತ್ತದೆ.